ಪ್ಯಾಡ್ ಬದಲಿಸಲು ಹೋಗಿ ಬ್ರೇಕ್ ಲೈನೇ ಬಿಚ್ಚಿದ್ದು

ಕಾರಿನ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವುದು ನಿಜಕ್ಕೂ ಸುಲಭ. ಜಾಕ್ ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆದು, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಬೋಲ್ಟ್ ಬಿಚ್ಚಿದರೆ ಹಳೆ ಪ್ಯಾಡ್ ಕೈಗೆ ಬರುತ್ತದೆ. ಬ್ರೇಕ್ ಆಯಿಲ್ ಲೈನ್ ಮುಟ್ಟುವ ಅಗತ್ಯವೇ ಇಲ್ಲ. ಮುಟ್ಟಬೇಕಾಗಿ ಬಂದರೆ ಮಾತ್ರ ಕೆಲಸದ ಲೆಕ್ಕವೇ ಬೇರೆ. ನನಗೆ ಆದದ್ದು ಅದೇ.

ಎಡಗಡೆ ಪ್ಯಾಡ್‌ಗಳು ಬಲಗಡೆಯವಕ್ಕಿಂತ ತುಂಬಾ ಸವೆದಿದ್ದವು. ಕಾರು ಓಡಿಸಿ ನಿಲ್ಲಿಸಿದಾಗ ಆ ಚಕ್ರವೇ ಜಾಸ್ತಿ ಬಿಸಿ ಇರುತ್ತಿತ್ತು. ಕಾರಣ ಹುಡುಕದೆ ಸುಮ್ನೆ ಹೊಸ ಪ್ಯಾಡ್ ಹಾಕಿದರೆ ಅದೂ ಬೇಗ ಸವೆಯುತ್ತದೆ ಅಲ್ವಾ? ಮೊದಲು ಕ್ಯಾಲಿಪರ್ ಜಾರುವ ಪಿನ್‌ಗಳನ್ನು ನೋಡಿದೆ. ಸಲೀಸಾಗಿ ಆಡುತ್ತಿದ್ದವು. ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಊದಿಕೊಳ್ಳುತ್ತದೆ.

ಆಮೇಲೆ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳಲು ಕ್ಲ್ಯಾಂಪ್ ಹಾಕಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಂಥ ಹೊತ್ತಿನಲ್ಲಿ ಕ್ಯಾಲಿಪರ್ ಹೋಯಿತು ಅಂತ ಹೊಸದು ತರುವ ಮುಂಚೆ ಒಂದು ಪರೀಕ್ಷೆ ಮಾಡಬೇಕು. ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲ್ ಸಡಿಲಿಸಿ ಮತ್ತೆ ತಳ್ಳಿದೆ. ಪಿಸ್ಟನ್ ಸರಾಗವಾಗಿ ಒಳಗೆ ಹೋಯಿತು! ಅಂದರೆ ಪಿಸ್ಟನ್ ಸರಿ ಇದೆ, ಆಯಿಲ್‌ಗೆ ವಾಪಸ್ ಹೋಗುವ ದಾರಿ ಇಲ್ಲ. ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗೇ ಇತ್ತು, ಒಳಗೆ ಊದಿಕೊಂಡಿತ್ತು. ಪೆಡಲ್ ಒತ್ತಿದಾಗ ಆಯಿಲ್ ನುಗ್ಗುತ್ತದೆ, ಕಾಲು ತೆಗೆದರೆ ಹಿಂದೆ ಬರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ.

ಹೋಸ್ ಕಬ್ಬಿಣದ ಪೈಪಿಗೆ ಸೇರುವ ಕಡೆ ನಟ್ ತುಕ್ಕು ಹಿಡಿದು ಕೂತಿತ್ತು. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಇದು. ಮಾಮೂಲಿ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನಟ್ ತಿರುಗಿತು, ಜೊತೆಗೆ ಪೈಪೂ ತಿರುಚತೊಡಗಿತು. ತಕ್ಷಣ ನಿಲ್ಲಿಸಿದೆ. ಹಿಂದಕ್ಕೂ ಮುಂದಕ್ಕೂ ಚೂರು ಚೂರೇ ಆಡಿಸುತ್ತಾ, ನಡುವೆ ಎಣ್ಣೆ ಬಿಡುತ್ತಾ ಅಂತೂ ಬಿಡಿಸಿದೆ. ಪೈಪ್ ಮುರಿದಿದ್ದರೆ ಕಾರು ಗ್ಯಾರೇಜಿಗೆ ಎಳೆದುಕೊಂಡೇ ಹೋಗಬೇಕಿತ್ತು.

ಬಿಸಿಗೆ, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕಿನ ಮೇಲೆ ನೀಲಿ ಕಲೆ ಬಿದ್ದಿದ್ದವು. ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅಳೆದರೆ ಅದಕ್ಕಿಂತ ತೆಳುವಾಗಿತ್ತು. ಡಿಸ್ಕ್, ಪ್ಯಾಡ್, ಹೋಸ್ ಮೂರನ್ನೂ ಎರಡೂ ಕಡೆ ಬದಲಿಸಿದೆ. ಹೋಸ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಲೇಬೇಕು, ಹಳೆಯದು ಸೋರಬಹುದು.

ಆಯಿಲನ್ನೂ ಪೂರ್ತಿ ಬದಲಿಸಿದೆ. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದರಲ್ಲಿ 3.7% ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪೆಡಲ್ ಒತ್ತಲು ಒಬ್ಬರನ್ನು ಕೂರಿಸಿಕೊಂಡು ಲೈನಿನೊಳಗಿನ ಏರ್ ತೆಗೆದೆ. ಮೇಲಿನ ಆಯಿಲ್ ಡಬ್ಬಿ ಖಾಲಿಯಾಗದಂತೆ ಆಗಾಗ ತುಂಬಿಸುತ್ತಿದ್ದೆ. ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಕೊನೆಗೆ ಇಂಜಿನ್ ಆನ್ ಮಾಡಿ ಪೆಡಲ್ ಒತ್ತಿ ಹಿಡಿದೆ. ಕುಸಿಯಲಿಲ್ಲ. ಜಾಯಿಂಟ್‌ಗಳಿಗೆ ಒಣ ಬಟ್ಟೆ ಒತ್ತಿ ನೋಡಿದೆ, ಎಲ್ಲೂ ಸೋರಿಕೆ ಇರಲಿಲ್ಲ. ಪೆಡಲ್ ಬಿಟ್ಟ ಮೇಲೆ ಚಕ್ರ ಕೈಯಲ್ಲೇ ಸಲೀಸಾಗಿ ತಿರುಗಿತು. ಆಮೇಲೆಯೇ ಕಾರು ಕೆಳಗಿಳಿಸಿದ್ದು.