ಮೊದಲು ಹಿಕ್ಕೆ ನೋಡಿ, ಆಮೇಲೆ ಗಂಡಿನ ಹತ್ತಿರ ಬಿಡಿ

ಮೊಲದ ಗಬ್ಬ ಸುಮಾರು 31 ದಿನದ್ದು. ಒಂದೆರಡು ದಿನ ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ನಡುವೆ ಕಾಯಿಲೆ ಕಂಡರೆ ಔಷಧಿ ಕೊಟ್ಟು, ನಿಧಾನಕ್ಕೆ ಮೈ ತುಂಬಿಸೋಣ ಅನ್ನುವಷ್ಟು ಪುರುಸೊತ್ತು ಇರುವುದಿಲ್ಲ. ಸಾಲದ್ದಕ್ಕೆ ಜಂತುಹುಳದ ಕೆಲವು ಔಷಧಿ ಹೊಟ್ಟೆಯಲ್ಲಿರುವ ಮರಿಗೇ ಕೆಟ್ಟದ್ದು. ಹಾಗಾಗಿ ಹುಳ, ನುಸಿ, ಕಜ್ಜಿಯ ಬಾಕಿಯನ್ನೆಲ್ಲ ಗಬ್ಬಕ್ಕೆ ಮುಂಚೆಯೇ ಚುಕ್ತಾ ಮಾಡಿಕೊಳ್ಳಬೇಕು.

ನಾನು ಇದನ್ನು ಕಲಿತದ್ದು ಒಂದು ಬಿಳಿ ಮೊಲ ಕಳೆದುಕೊಂಡ ಮೇಲೆ. ಅದು ಆಗಾಗ ತಲೆ ಕೊಡವುತ್ತಿತ್ತು, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಸುಮ್ನೆ ಕೆರೆದುಕೊಳ್ಳುತ್ತಿರಬೇಕು ಅಂದುಕೊಂಡೆ. ಗಬ್ಬದ 26ನೇ ದಿನ ಮೇವು ಮುಟ್ಟಲಿಲ್ಲ. 28ನೇ ದಿನ ಬೆಳಗ್ಗೆ ಗೂಡಿನ ಮೂಲೆಯಲ್ಲಿ ತಣ್ಣಗಾಗಿತ್ತು. ಕಿವಿಯ ನುಸಿಗೂ ಆ ಸಾವಿಗೂ ಏನು ಸಂಬಂಧ ಅಂತ ಆಮೇಲೆ ಹೇಳುತ್ತೇನೆ.

ಗಬ್ಬಕ್ಕೆ ಒಂದು ತಿಂಗಳು ಮುಂಚೆ

ಮೊಲವನ್ನು ತೊಡೆ ಮೇಲೆ ಕೂರಿಸಿಕೊಂಡು, ಕಿವಿ ಬಿಡಿಸಿ ಬೆಳಕಿಗೆ ಹಿಡಿಯಿರಿ. ಒಳಗೆ ಕಂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟಿದ್ದರೆ ಅದು ಕಿವಿ ನುಸಿ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ಅದರ ಕೆಳಗಿರುವುದು ಹಸಿ ಚರ್ಮ, ಮುಟ್ಟಿದರೂ ನೋವು. ನುಸಿ ಸತ್ತರೆ ಹಕ್ಕಳೆ ತಾನಾಗೇ ಉದುರುತ್ತದೆ. ಮೂಗಿನ ತುದಿ, ತುಟಿ, ಉಗುರಿನ ಬುಡದಲ್ಲಿ ಬೂದು ಬಣ್ಣದ ಹುರುಪು ಕಂಡರೆ ಅದು ಕಜ್ಜಿ. ಈ ಕಜ್ಜಿ ಮೊಲ ಹಿಡಿದವರ ಕೈಗೂ ತುರಿಕೆ ತರುತ್ತದೆ.

ಎರಡಕ್ಕೂ ಪಶುವೈದ್ಯರು ಸಾಮಾನ್ಯವಾಗಿ ಐವರ್ಮೆಕ್ಟಿನ್ ಚುಚ್ಚುಮದ್ದು ಕೊಡುತ್ತಾರೆ, ಮೊಲದ ತೂಕ ನೋಡಿಕೊಂಡು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ನುಸಿಯ ಮೊಟ್ಟೆ ಉಳಿದಿರುತ್ತದೆ, ಅದು ಒಡೆದ ಮೇಲೆ ಮತ್ತೆ ಕೊಡಬೇಕು. ಒಂದು ತಿಂಗಳು ಮುಂಚೆ ಅಂದದ್ದು ಅದಕ್ಕೇ. ನಾಯಿಗೆ ಹೊಡೆಯುವ ಫಿಪ್ರೋನಿಲ್ ಸ್ಪ್ರೇ ಮನೆಯಲ್ಲಿದೆ ಅಂತ ಮೊಲಕ್ಕೆ ಹೊಡೆಯಬೇಡಿ, ಅದು ಮೊಲಕ್ಕೆ ವಿಷ. ಗಂಡಿನ ಕಿವಿಯನ್ನೂ ಇದೇ ಹೊತ್ತಿಗೆ ನೋಡಿ. ಹೆಣ್ಣನ್ನು ಅದರ ಗೂಡಿಗೆ ತಾನೇ ಬಿಡುವುದು.

ಆಮೇಲೆ ಅಂಗೈಯನ್ನು ಬೆನ್ನ ಮೇಲೆ ಎಳೆಯಿರಿ. ಬೆನ್ನುಮೂಳೆಯ ಗಂಟು ಗಂಟೂ ಕೈಗೆ ಸಿಗುತ್ತಾ? ಹೊಟ್ಟೆ ಮಾತ್ರ ಗುಡಾಣದ ಹಾಗಿದೆಯಾ? ಆಗಲೇ ಗಬ್ಬ ಕಟ್ಟಿದೆ ಅಂತ ಖುಷಿಪಡಬೇಡಿ. ಪಿತ್ತನಾಳಕ್ಕೆ ಕಾಕ್ಸಿಡಿಯಾ ಅನ್ನುವ ಪರೋಪಜೀವಿ ಹೊಕ್ಕು ಲಿವರ್ ಊದಿದರೂ ಹೀಗೇ ಕಾಣುತ್ತದೆ. ಇಂಥ ಮೊಲ ಕೊಯ್ದವರಿಗೆ ಲಿವರ್ ಮೇಲೆ ಬಿಳಿ ಗುಳ್ಳೆಗಳು ಕಂಡಿರುತ್ತವೆ.

ಕಾಕ್ಸಿಡಿಯಾ ಬರಿಗಣ್ಣಿಗೆ ಕಾಣದ ಜೀವಿ. ದೊಡ್ಡ ಮೊಲಗಳಲ್ಲಿ ಅದು ಸದ್ದಿಲ್ಲದೆ ಕೂತಿರುತ್ತದೆ. ಹಿಕ್ಕೆ ಕಡಲೆಕಾಳಿನ ಹಾಗೆ ಗುಂಡಗೆ ಒಣಗಿಯೇ ಬೀಳುತ್ತಿರಬಹುದು, ಆದರೂ ಒಳಗೆ ರೋಗ ಇರಬಹುದು. ಅವತ್ತು ಬೆಳಗ್ಗೆ ಬಿದ್ದ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ, ಮೈಕ್ರೋಸ್ಕೋಪ್‌ನಲ್ಲಿ ನೋಡಿಸಿ.

ಮೊಲ ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ತಿನ್ನುವುದು ಕಂಡು ಗಾಬರಿಯಾಗುವವರು ಇದ್ದಾರೆ. ಅದು ಮೊಲದ ಸಹಜ ಅಭ್ಯಾಸ. ಅದರಿಂದ ಕಾಕ್ಸಿಡಿಯಾ ಅಂಟುವುದಿಲ್ಲ. ಹೊರಬಿದ್ದ ಕಾಕ್ಸಿಡಿಯಾ ಮೊಟ್ಟೆಗೆ ತೇವ, ಬಿಸಿ, ಗಾಳಿ ಸಿಕ್ಕಿ, ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೇ ರೋಗ ಹರಡುವ ಶಕ್ತಿ ಬರುವುದು. ದಿನಾ ಹಿಕ್ಕೆ ಗುಡಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಸಬೇಡಿ.

ಕೋಳಿ ಫೀಡ್ ಕೊಟ್ಟರೆ ಕಾಕ್ಸಿಡಿಯಾ ಹೋಗುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೋಳಿ ಫೀಡಿಗೆ ಬೆರೆಸುವ ನರಾಸಿನ್‌, ಸಲಿನೋಮೈಸಿನ್‌ನಂಥ ಔಷಧಿ ಮೊಲದ ಜೀವಕ್ಕೇ ಅಪಾಯ. ಆಲ್ಬೆಂಡಜೋಲ್ ಅನ್ನುವ ಜಂತುಹುಳದ ಮಾತ್ರೆಯಂತೂ ಗಬ್ಬದ ಮೊಲದ ಹತ್ತಿರ ಸುಳಿಯಲೇಬಾರದು. ಮರಿಗಳ ಅಂಗಾಂಗ ವಕ್ರವಾಗುವುದು ಮೊಲಗಳ ಮೇಲಿನ ಪರೀಕ್ಷೆಯಲ್ಲೇ ಗೊತ್ತಾಗಿದೆ.

12ರಿಂದ 14ನೇ ದಿನ

ಹೊಟ್ಟೆಯ ಕೆಳಗೆ ಮೆಲ್ಲಗೆ ಬೆರಳಾಡಿಸಿದರೆ ಸಣ್ಣ ದ್ರಾಕ್ಷಿಯಂಥ ಗುಂಡುಗಳು ಸಿಗುತ್ತವೆ. ಹಿಕ್ಕೆ ಆದರೆ ಗಟ್ಟಿ, ಮರಿ ಆದರೆ ಮೆತ್ತಗೆ ಜಾರುತ್ತದೆ. ಒಮ್ಮೆ ಸಿಕ್ಕ ಗುಂಡುಗಳು ವಾರದ ನಂತರ ಸಿಗದೇ ಹೋಗಬಹುದು. ತಾಯಿ ಸೊರಗಿದ್ದರೆ, ಜ್ವರ ಬಂದಿದ್ದರೆ ಭ್ರೂಣ ಸತ್ತು, ಅದನ್ನು ತಾಯಿಯ ಮೈಯೇ ಹೀರಿಕೊಂಡುಬಿಡುತ್ತದೆ. ರಕ್ತವೂ ಇಲ್ಲ, ಸತ್ತ ಮರಿಯೂ ಇಲ್ಲ. ಗಬ್ಬ ನಿಂತೇ ಇರಲಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಂತ ಎಲ್ಲವನ್ನೂ ಹುಳದ ತಲೆಗೆ ಕಟ್ಟಬೇಡಿ. ಬಿಸಿಲ ಝಳ, ಬೂಷ್ಟು ಹಿಡಿದ ಮೇವು, ಬ್ಯಾಕ್ಟೀರಿಯಾ ಸೋಂಕಿನಿಂದಲೂ ಹೀಗಾಗುತ್ತದೆ.

ಕೊನೆಯ ಹತ್ತು ದಿನ

ಮರಿಗಳ ತೂಕದ ಹೆಚ್ಚು ಪಾಲು ಕೂಡುವುದು ಈಗಲೇ. ಹೊಟ್ಟೆಯೊಳಗೆ ಮರಿಗಳೇ ಜಾಗ ಹಿಡಿದಿರುವುದರಿಂದ ತಾಯಿಗೆ ಜಾಸ್ತಿ ತಿನ್ನಲೂ ಆಗುವುದಿಲ್ಲ. ಇದರ ಮೇಲೆ ಕಿವಿಯ ತುರಿಕೆಯಲ್ಲಿ ನಿದ್ದೆಗೆಟ್ಟು ಮೇವು ಬಿಟ್ಟರೆ, ಮೈಯಲ್ಲಿದ್ದ ಕೊಬ್ಬು ಕರಗಿ ಲಿವರ್‌ಗೆ ಬಂದು ಬೀಳುತ್ತದೆ, ರಕ್ತದಲ್ಲಿ ವಿಷ ಏರುತ್ತದೆ. ಗಬ್ಬದ ನಂಜು ಅಂದರೆ ಇದೇ. ಲಿವರ್‌ನಲ್ಲಿ ಮೊದಲೇ ಕಾಕ್ಸಿಡಿಯಾ ಇದ್ದರೆ ಕೇಳುವುದೇ ಬೇಡ. ನನ್ನ ಬಿಳಿ ಮೊಲ ಹೋದದ್ದು ಹೀಗೆ ಅಂತ ವೈದ್ಯರು ಆಮೇಲೆ ವಿವರಿಸಿದರು. ಈ ದಿನಗಳಲ್ಲಿ ಮೊಲ ಒಂದು ಹೊತ್ತು ಮೇವು ಬಿಟ್ಟರೂ ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಹುಲ್ಲು ಕೊಯ್ಯುವ ಜಾಗವನ್ನೂ ನೋಡಿಕೊಳ್ಳಿ. ನಾಯಿ ಮಲ ಬಿದ್ದ ಬದುವಿನ ಹುಲ್ಲಿನಿಂದ ಲಾಡಿಹುಳದ ಮೊಟ್ಟೆ ಮೊಲದ ಹೊಟ್ಟೆ ಸೇರುತ್ತದೆ, ಲಿವರ್ ಕೊರೆದು ನೀರ್ಗುಳ್ಳೆ ಕಟ್ಟುತ್ತದೆ. ಮೊಲ ಕೊಯ್ದ ಕರುಳನ್ನು ಹಸಿಯಾಗಿ ನಾಯಿಗೆ ಎಸೆದರೆ ಅದೇ ಸುತ್ತು ಮತ್ತೆ ಶುರು.

27ನೇ ದಿನ: ಪೆಟ್ಟಿಗೆ ಇಡುವಾಗ

ಹೆರಿಗೆ ಪೆಟ್ಟಿಗೆಯನ್ನು ಉಜ್ಜಿ ತೊಳೆದು, ಕುದಿಯುವ ನೀರು ಹುಯ್ದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಬ್ಲೀಚಿಂಗ್ ಪೌಡರ್ ನಂಬಬೇಡಿ, ಕಾಕ್ಸಿಡಿಯಾ ಮೊಟ್ಟೆ ಅದಕ್ಕೆ ಜಗ್ಗುವುದಿಲ್ಲ. ತಂತಿ ಗೂಡಾದರೆ ಬೆಂಕಿ ಜ್ವಾಲೆ ಹಿಡಿಯಬಹುದು, ಮೊಲವನ್ನು ಹೊರಗಿಟ್ಟು. ತಾಯಿ ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿಗೆ ಮಾಡುತ್ತದೆ. ಮೈಮೇಲೆ ಕಜ್ಜಿ ಇದ್ದರೆ ಮರಿಗಳು ಮಲಗುವುದು ಆ ಕಜ್ಜಿಯ ಕೂದಲಿನ ಮೇಲೇ ಅಲ್ವಾ?

ಕಾಕ್ಸಿಡಿಯಾ ಹೊಟ್ಟೆಯೊಳಗಿನ ಮರಿಗೆ ದಾಟುವುದಿಲ್ಲ, ಹುಟ್ಟಿದ ಮೇಲೆ ಗೂಡಿನ ಕೊಳೆಯಿಂದ ಅಂಟುತ್ತದೆ. ಎನ್ಸೆಫಾಲಿಟೊಜೂನ್ ಕ್ಯುನಿಕ್ಯುಲಿ ಅನ್ನುವ ಇನ್ನೊಂದು ಸೂಕ್ಷ್ಮಜೀವಿ ಮಾತ್ರ ಹೊಕ್ಕುಳಬಳ್ಳಿಯ ದಾರಿಯಲ್ಲೇ ಮರಿ ಸೇರಬಲ್ಲದು. ಅಂಥ ಮರಿ ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ತಿಂಗಳುಗಳ ನಂತರ ತಲೆ ಒಂದು ಕಡೆ ವಾಲಬಹುದು, ಹಿಂಗಾಲು ಎಳೆಯಬಹುದು, ಕಣ್ಣಲ್ಲಿ ಬಿಳಿ ಪೊರೆ ಬರಬಹುದು. ಒಂದೇ ತಾಯಿಯ ಮರಿಗಳಲ್ಲಿ ಇದು ಎರಡು ಸಲ ಕಂಡರೆ ಆ ತಾಯಿಯನ್ನು ಮತ್ತೆ ಗಂಡಿನ ಹತ್ತಿರ ಬಿಡಬೇಡಿ.

ಕಾಕ್ಸಿಡಿಯಾದ ಜೋರು ಹೊಡೆತ ಬೀಳುವುದು ಮರಿಗಳು ಮೊಲೆ ಬಿಟ್ಟು ಮೇವಿಗೆ ಬಾಯಿ ಹಾಕುವ ಹೊತ್ತಿಗೆ, ಸುಮಾರು ಐದಾರು ವಾರದಲ್ಲಿ. ಹಿಕ್ಕೆ ಡಬ್ಬಿ ಹಿಡಿದು ಆಸ್ಪತ್ರೆಗೆ ಮತ್ತೊಮ್ಮೆ ಹೋಗಬೇಕಾದ್ದು ಆಗ.