ಕೋಡ್ ಓದದಿದ್ದರೆ ಸ್ಕ್ಯಾನರ್ ಹಿಂದಕ್ಕೆ ಎಳೆಯಿರಿ

ಅಂಗಡಿಯ ಸ್ಕ್ಯಾನರ್ ಪೊಟ್ಟಣದ ಮೇಲಿನ ಬಾರ್ ಕೋಡನ್ನೋ ಕ್ಯೂಆರ್ ಕೋಡನ್ನೋ ಓದಲಿಲ್ಲ ಅಂದರೆ ನಾವೆಲ್ಲ ಮಾಡುವುದು ಒಂದೇ. ಇನ್ನೂ ಹತ್ತಿರ ಹಿಡಿಯುತ್ತೇವೆ. ಆಗಲೂ ಓದದಿದ್ದರೆ ಪೊಟ್ಟಣಕ್ಕೆ ಒತ್ತಿಯೇ ಬಿಡುತ್ತೇವೆ. ಹೆಚ್ಚಿನ ಸಲ ಬೇಕಾದದ್ದು ಅದರ ಉಲ್ಟಾ. ಯಾಕೆ ಅಂತ ನೋಡಲು ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಒಂದು ಹನಿ ನೀರು ಸಾಕು. ಕರುಳು, ರಕ್ತನಾಳಗಳ ಒಳಗೆ ಇಣುಕುವ ವೈದ್ಯಕೀಯ ನಳಿಗೆಗಳಿಗೂ ಕಾಡುವುದು ಇದೇ ಸಮಸ್ಯೆ.

ಮೊದಲು ಭೂತಗನ್ನಡಿ

ಕಿಟಕಿಯಿಂದ ಸ್ವಲ್ಪ ದೂರ, ಕೋಣೆಯ ಕತ್ತಲಿರುವ ಕಡೆ ನಿಲ್ಲಿ. ಹಾಳೆಯ ಮುಂದೆ ಭೂತಗನ್ನಡಿ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಹೊರಗಿನ ಮರ, ಆಕಾಶ ಎಲ್ಲ ತಲೆಕೆಳಗಾಗಿ ಹಾಳೆಯ ಮೇಲೆ ಮೂಡುತ್ತವೆ. ಗಾಜಿಗೂ ಹಾಳೆಗೂ ಇರುವ ಆ ಅಂತರವೇ ಲೆನ್ಸಿನ ಸಂಗಮ ದೂರ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ, ಹಾಳೆ ಸುಟ್ಟೀತು.

ಅದು 10 ಸೆಂ.ಮೀ. ಅಂದುಕೊಳ್ಳಿ. ಈಗ ಬೆಳಗುತ್ತಿರುವ ಫೋನ್ ಪರದೆಯನ್ನು ಲೆನ್ಸಿನ ಮುಂದೆ 30 ಸೆಂ.ಮೀ. ದೂರದಲ್ಲಿಡಿ. ಚಿತ್ರ ಲೆನ್ಸಿನ ಹಿಂದೆ 15 ಸೆಂ.ಮೀ.ಗೆ ಬೀಳುತ್ತದೆ. ಫೋನನ್ನು 20ಕ್ಕೆ ತಂದರೆ ಚಿತ್ರವೂ 20ಕ್ಕೆ. 12ಕ್ಕೆ ತಂದರೆ? ಚಿತ್ರ 60 ಸೆಂ.ಮೀ. ಹಿಂದೆ! 10ಕ್ಕಿಂತ ಹತ್ತಿರ ತಂದರೆ ಹಾಳೆಯನ್ನು ಎಲ್ಲಿಗೆ ಒಯ್ದರೂ ಚಿತ್ರವೇ ಸಿಗದು.

ಸ್ಕ್ಯಾನರಿನೊಳಗಿನ ಲೆನ್ಸ್ ಚಿಕ್ಕದು, ಅದರ ಸಂಗಮ ದೂರ ಕೆಲವೇ ಮಿಲಿಮೀಟರ್. ಲೆಕ್ಕ ಮಾತ್ರ ಇದೇ. ಹಾಳೆಯ ಜಾಗದಲ್ಲಿ ಅಲ್ಲಿ ಸೆನ್ಸರ್ ಕೂತಿದೆ, ಅದು ಅಲುಗಾಡುವುದಿಲ್ಲ. ಕೋಡ್ ಹತ್ತಿರ ಬಂದಷ್ಟೂ ಚಿತ್ರ ಸೆನ್ಸರನ್ನು ದಾಟಿ ಹಿಂದಕ್ಕೆ ಓಡುತ್ತದೆ. ದೂರದಲ್ಲಿದ್ದಾಗ ಒಂದು ಗೇಣು ಆಚೀಚೆಯಾದರೂ ನಡೆಯುತ್ತದೆ. ತೀರ ಹತ್ತಿರದಲ್ಲಿ ಬೆರಳಗಲ ಸರಿದರೂ ಎಲ್ಲ ಮಸುಕು.

ಹಳೆಯ ಲೇಸರ್ ಸ್ಕ್ಯಾನರುಗಳಿಗೆ ಈ ಗೋಳು ಕಡಿಮೆ ಇತ್ತು. 1974ರ ಜೂನ್ 26ರಂದು ಅಮೆರಿಕದ ಒಹಾಯೊದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಪಟ್ಟೆಗಳನ್ನು ಮೊದಲ ಸಲ ಓದಿದ್ದು ಲೇಸರೇ. ತೆಳ್ಳನೆಯ ಕಿರಣ ಪಟ್ಟೆಗಳ ಮೇಲೆ ಹಾದುಹೋಗುತ್ತದೆ. ವಾಪಸು ಬರುವ ಬೆಳಕಿನ ಏರಿಳಿತ ನೋಡಿದರೆ ಕೆಲಸ ಮುಗಿಯಿತು. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಿಂದ ಕ್ಯೂಆರ್ ಕೋಡ್ ಬಂತು. ಅದರ ಚೌಕಗಳು ಅಡ್ಡಕ್ಕೂ ಉದ್ದಕ್ಕೂ ಹರಡಿವೆ. ಒಂದು ಗೆರೆ ಎಳೆದು ಓದಲಾಗದು, ಫೋಟೋ ತೆಗೆಯಲೇಬೇಕು. ಫೋಟೋ ಅಂದ ಮೇಲೆ ಫೋಕಸ್ ಬೇಕೇ ಬೇಕಲ್ವಾ?

ರಟ್ಟಿಗೊಂದು ತೂತು

ಕಪ್ಪು ರಟ್ಟಿನಲ್ಲಿ 5 ಮಿ.ಮೀ. ತೂತು ಮಾಡಿ ಲೆನ್ಸಿಗೆ ಅಂಟಿಸಿ. ಕಿಟಕಿಯ ಚಿತ್ರ ಮಂಕಾಗುತ್ತದೆ. ಆದರೆ ಈಗ ಹಾಳೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೂ ಚಿತ್ರ ಕೆಡುವುದಿಲ್ಲ. ಫೋಕಸ್ ಹೊಂದಿಸುವ ವ್ಯವಸ್ಥೆಯೇ ಇಲ್ಲದ ಅಗ್ಗದ ಸ್ಕ್ಯಾನರುಗಳು ಬದುಕಿರುವುದೇ ಈ ಉಪಾಯದಿಂದ. ಕಡಿಮೆಯಾದ ಬೆಳಕನ್ನು ತುಂಬಿಕೊಡಲು ಎಲ್ಇಡಿ ಇದೆ. ತೂತನ್ನು ಇನ್ನೂ ಸಣ್ಣದು ಮಾಡುತ್ತಾ ಹೋದರೆ ಮಾತ್ರ ಬೆಳಕು ಅಂಚಿನಲ್ಲಿ ಹರಡಿಕೊಂಡು ಚಿತ್ರ ಮತ್ತೆ ಮಸುಕಾಗುತ್ತದೆ.

ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪುಗಳಲ್ಲೂ ಬಹುಪಾಲು ಇದೇ ಉಪಾಯ. ಪುಟ್ಟ ಲೆನ್ಸ್, ಸಣ್ಣ ತೂತು, ಪಕ್ಕದಲ್ಲೇ ದೀಪ. ಕೆಲವು ಮಿಲಿಮೀಟರಿನಿಂದ ಸುಮಾರು 10 ಸೆಂ.ಮೀ. ತನಕ ಎಲ್ಲವೂ ಒಂದೇ ಸಲಕ್ಕೆ ಕಾಣುತ್ತದೆ.

ಈಗ ಒಂದು ಹನಿ ನೀರು

ತೂತಿನ ಉಪಾಯ ಸಾಲದಾದಾಗ ಉಳಿಯುವ ದಾರಿ ಎರಡು. ಮೀನಿನ ಕಣ್ಣು ತನ್ನ ಲೆನ್ಸನ್ನೇ ಹಿಂದೆ ಮುಂದೆ ಸರಿಸುತ್ತದೆ. ನಮ್ಮ ಕಣ್ಣು ಲೆನ್ಸನ್ನು ಇದ್ದಲ್ಲೇ ಇಟ್ಟು ಅದರ ಉಬ್ಬನ್ನು ಬದಲಿಸುತ್ತದೆ. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ ಮೀನಿನ ದಾರಿ ಹಿಡಿದಿದೆ: ಒಂದು ಸುರುಳಿ ತಂತಿ, ಒಂದು ಅಯಸ್ಕಾಂತ, ನಡುವೆ ಕೂದಲೆಳೆಯಷ್ಟು ಸರಿಯುವ ಲೆನ್ಸ್. ದಿನಕ್ಕೆ ಸಾವಿರಾರು ಸಲ ಗುಂಡಿ ಒತ್ತಿಸಿಕೊಂಡು, ಆಗಾಗ ನೆಲಕ್ಕೂ ಬೀಳುವ ಸ್ಕ್ಯಾನರಿನಲ್ಲಿ ಅಂಥ ಸರಿದಾಡುವ ಭಾಗ ಬೇಗ ಸವೆಯುತ್ತದೆ.

ಅಚ್ಚಾದ ಅಕ್ಷರಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಒಂದು ಹನಿ ಬಿಡಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ. ಹನಿಯನ್ನು ಕಡ್ಡಿಯಿಂದ ಹರಡಿ ಚಪ್ಪಟೆ ಮಾಡಿದರೆ ಅದರ ಶಕ್ತಿ ಕುಗ್ಗುತ್ತದೆ. ಕಡ್ಡಿಯ ಬದಲು ವಿದ್ಯುತ್ತಿನಿಂದಲೇ ಹನಿಯ ಉಬ್ಬು ಬದಲಿಸಿದರೆ ಅದೇ ದ್ರವ ಲೆನ್ಸ್. ವಿದ್ಯುತ್ತಿಗೂ ದ್ರವದ ಮೇಲ್ಮೈಗೂ ಇರುವ ನಂಟನ್ನು ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ 1875ರಲ್ಲೇ ಬಿಡಿಸಿ ಹೇಳಿದ್ದರು. ಅದನ್ನು ಕೈಗೆ ಸಿಗುವ ಲೆನ್ಸಾಗಿಸಿದ್ದು ಅದೇ ದೇಶದ ಬ್ರೂನೋ ಬೆರ್ಜ್, ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ.

ಪುಟ್ಟ ಡಬ್ಬಿಯಲ್ಲಿ ನೀರಿನಂಥ ದ್ರವ, ಅದರ ಜೊತೆ ಎಣ್ಣೆ. ಎರಡೂ ಬೆರೆಯುವುದಿಲ್ಲ. ಎರಡರ ಸಾಂದ್ರತೆಯನ್ನೂ ಸಮ ಮಾಡಿರುತ್ತಾರೆ. ನನಗೆ ತುಂಬಾ ಹಿಡಿಸಿದ ಜಾಣತನ ಇದು: ಹಾಗಾಗಿ ಡಬ್ಬಿಯನ್ನು ಓರೆ ಮಾಡಿದರೂ, ತಿರುಗಿಸಿ ಹಿಡಿದರೂ ಹನಿ ಜೋತುಬೀಳುವುದಿಲ್ಲ. ಹತ್ತಾರು ವೋಲ್ಟ್ ಕೊಟ್ಟರೆ ನೀರು ಡಬ್ಬಿಯ ಗೋಡೆಗೆ ಹೆಚ್ಚು ಅಂಟಿಕೊಂಡು ನಡುವಿನ ಗೆರೆ ಬಾಗುತ್ತದೆ. ಸೆಕೆಂಡಿನ ಕೆಲವು ನೂರನೇ ಭಾಗದಲ್ಲಿ ಫೋಕಸ್ ಬದಲಾಗುತ್ತದೆ. ಸವೆಯಲು ಅಲ್ಲಿ ಏನೂ ಇಲ್ಲ.

ಎಷ್ಟು ಬಾಗಬೇಕು ಅಂತ ಗೊತ್ತಾಗುವುದು ಹೇಗೆ? ಒಂದರ ಹಿಂದೊಂದು ಫೋಟೋ ತೆಗೆದು ಕಪ್ಪು ಬಿಳುಪಿನ ನಡುವಿನ ಅಂಚು ಯಾವುದರಲ್ಲಿ ಚೂಪಾಗಿದೆ ಎಂದು ನೋಡುವುದು ಒಂದು ಕ್ರಮ. ಗುರಿ ತೋರಿಸುವ ಬೆಳಕಿನ ಚುಕ್ಕೆ ಚಿತ್ರದ ನಡುವಿನಿಂದ ಎಷ್ಟು ಪಕ್ಕಕ್ಕೆ ಬಿದ್ದಿದೆ ಎಂದು ನೋಡಿ ದೂರ ಲೆಕ್ಕ ಹಾಕುವುದು ಇನ್ನೊಂದು.

ಇನ್ನು ಸ್ಕ್ಯಾನರ್ ಹಿಡಿಯಿರಿ

ಮೊದಲು ಸ್ಕ್ಯಾನರಿನ ಮುಂದಿರುವ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ. ನಂತರ ಒಂದೂವರೆ ಗೇಣು ದೂರದಿಂದ ಶುರು ಮಾಡಿ, ನಿಧಾನಕ್ಕೆ ಹತ್ತಿರ ತನ್ನಿ. ಎಲ್ಲಿ ಸದ್ದು ಬಂತೋ ಆ ದೂರವನ್ನು ಕೈಗೆ ಅಭ್ಯಾಸ ಮಾಡಿಸಿ. ಕೋಡ್ ತೀರ ಸಣ್ಣದಾದರೆ ದೂರದಿಂದ ಸೆನ್ಸರಿಗೆ ಗೆರೆಗಳು ಬಿಡಿಬಿಡಿಯಾಗಿ ಕಾಣವು, ಆಗ ಮಾತ್ರ ಇನ್ನಷ್ಟು ಹತ್ತಿರ. ಹೊಳೆಯುವ ಪೊಟ್ಟಣವಾದರೆ ಸ್ವಲ್ಪ ಓರೆ ಹಿಡಿಯಿರಿ, ಇಲ್ಲವಾದರೆ ಸ್ಕ್ಯಾನರಿನ ದೀಪವೇ ಪ್ರತಿಫಲಿಸಿ ಅದರ ಕಣ್ಣು ಕುಕ್ಕುತ್ತದೆ. ಕೋಡಿನ ಸುತ್ತಲಿನ ಬಿಳಿ ಅಂಚನ್ನು ಬೆರಳಿನಿಂದ ಮುಚ್ಚಬೇಡಿ.

ರಕ್ತನಾಳದೊಳಗೆ

ಹೃದಯದ ರಕ್ತನಾಳಕ್ಕೆ ಇಳಿಯುವ ನಳಿಗೆಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿ ಉಬ್ಬಿದ ಲೆನ್ಸನ್ನು ಉಜ್ಜಿ ಕೂರಿಸುವುದೇ ಕಷ್ಟ. ಹಾಗಾಗಿ ಪೆನ್ಸಿಲ್ ಕಡ್ಡಿಯಂಥ ನೇರ ಗಾಜಿನ ಸರಳು ಬಳಸುವುದುಂಟು. ತುದಿಗಳು ಚಪ್ಪಟೆ. ಉಬ್ಬಿನ ಬದಲು ಬೆಳಕನ್ನು ಬಾಗಿಸುವ ಗಾಜಿನ ಗುಣವೇ ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತದೆ. ಬೆಳಕು ಒಳಗೇ ಬಾಗುತ್ತಾ ಸಾಗಿ ಹೊರಗೆ ಒಂದು ಚುಕ್ಕೆಯಾಗಿ ಸೇರುತ್ತದೆ. ಸರಳನ್ನು ಎಷ್ಟು ಉದ್ದಕ್ಕೆ ಕತ್ತರಿಸಿದ್ದಾರೆ ಎನ್ನುವುದರ ಮೇಲೆ ಚುಕ್ಕೆ ಎಲ್ಲಿ ಬೀಳಬೇಕೆಂಬುದು ನಿಂತಿದೆ.

1991ರಲ್ಲಿ ಮೊದಲು ಪ್ರಕಟವಾದ ಓಸಿಟಿ ಎಂಬ ತಂತ್ರ ಇಂಥ ನಳಿಗೆಯಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟು ನಾಳದ ಗೋಡೆಯ ಪದರಗಳನ್ನು ನೋಡುತ್ತದೆ. ಇಲ್ಲಿ ಒಂದು ಬೇಕೆಂದರೆ ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಚುಕ್ಕೆಯ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಅದು ಚೂಪಾಗಿ ಉಳಿಯುವ ಆಳ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಯ ದಪ್ಪವನ್ನೆಲ್ಲ ನೋಡಬೇಕಾದವರು ಸ್ವಲ್ಪ ದಪ್ಪ ಚುಕ್ಕೆಗೇ ಒಪ್ಪಿಕೊಳ್ಳಬೇಕು.

ಫೋಕಸ್ ಎಷ್ಟೇ ಸರಿಯಿದ್ದರೂ ನಡುವೆ ರಕ್ತವಿದ್ದರೆ ಬೆಳಕು ಚದುರಿಹೋಗುತ್ತದೆ. ಅದಕ್ಕೇ ವೈದ್ಯರು ಬೇರೊಂದು ಪಾರದರ್ಶಕ ದ್ರವ ಹರಿಸಿ ಕೆಲವೇ ಸೆಕೆಂಡು ರಕ್ತವನ್ನು ಪಕ್ಕಕ್ಕೆ ಸರಿಸುತ್ತಾರೆ. ಅಷ್ಟರೊಳಗೆ ನಳಿಗೆಯೊಳಗೆ ಬೆಳಕು ಸಾಗಿಸುವ ಎಳೆಯನ್ನು ಗಿರಗಿರ ತಿರುಗಿಸುತ್ತಾ ಹಿಂದಕ್ಕೆ ಎಳೆದುಕೊಂಡು ಚಿತ್ರ ಮುಗಿಸುತ್ತಾರೆ.