ಹೊಸ ರೈಫಲ್ಲಿನ ನಳಿಗೆಯನ್ನು ಪಳಗಿಸಿದ ಬಗೆ

2024ರ ಫೆಬ್ರವರಿಯಲ್ಲಿ ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ .315 ರೈಫಲ್ ಬಂತು. ಅಲ್ಲಿಯವರೆಗೆ ಅಡಿಕೆ ತೋಟದ ಕಾವಲಿಗೆಂದು ನಮ್ಮಲ್ಲಿದ್ದದ್ದು ಒಂಟಿ ನಳಿಗೆಯ ತೋಟೆ ಕೋವಿ. ಅದರ ನಳಿಗೆ ಒಳಗೆ ನುಣುಪಾಗಿರುವುದರಿಂದ ಎಣ್ಣೆ ಬಟ್ಟೆ ಎಳೆದು ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯುತ್ತಿತ್ತು. ರೈಫಲ್ಲಿನ ಮಾತು ಬೇರೆ. ಅದರ ಒಳಗೋಡೆಯಲ್ಲಿ ಸುರುಳಿ ಸುರುಳಿಯಾಗಿ ತೋಡುಗಳಿರುತ್ತವೆ; ತಾಮ್ರ ಬೆರೆತ ಲೋಹದ ಕವಚವುಳ್ಳ ಗುಂಡು ಆ ತೋಡುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬರುತ್ತದೆ.

ಹೊಸ ನಳಿಗೆಯಲ್ಲಿ ಮುಖ್ಯವಾಗಿ ತೊಡಕಿರುವ ಜಾಗ ಒಂದು. ತೋಟಾ ಕೂರುವ ಚೇಂಬರ್ ಮುಗಿದು ಸುರುಳಿಗಳು ಶುರುವಾಗುವಲ್ಲಿ, ಚೇಂಬರ್ ಕೊರೆಯುವ ರೀಮರ್ ಬಿಟ್ಟುಹೋದ ಸಣ್ಣ ಸಣ್ಣ ಗೀರುಗಳು ಗುಂಡು ಸಾಗುವ ದಾರಿಗೆ ಅಡ್ಡಲಾಗಿರುತ್ತವೆ. ಅವು ಅರದಂತೆ ಗುಂಡಿನ ಕವಚವನ್ನು ಕೆರೆಯುತ್ತವೆ. ಕೆರೆದ ತಾಮ್ರ ಬಿಸಿ ಅನಿಲದೊಡನೆ ಹೋಗಿ ನಳಿಗೆಯ ಉದ್ದಕ್ಕೂ ಅಂಟಿಕೊಳ್ಳುತ್ತದೆ. ಒಂದೊಂದು ಈಡಿಗೂ ಆ ಗೀರುಗಳು ಸ್ವಲ್ಪ ಸ್ವಲ್ಪ ಸವೆದು ನಯವಾಗುತ್ತವೆ. ಆದರೆ ಹಿಂದಿನ ಈಡಿನ ತಾಮ್ರ ಅಲ್ಲೇ ಕುಳಿತಿದ್ದರೆ ಮುಂದಿನ ಗುಂಡು ಉಕ್ಕಿನ ಬದಲು ತಾಮ್ರದ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹೊಸ ನಳಿಗೆಯನ್ನು ಪಳಗಿಸಲು ಒಂದು ಈಡು ಹೊಡೆ, ಒಮ್ಮೆ ಶುಚಿ ಮಾಡು ಎಂಬ ಪದ್ಧತಿಯ ಹಿಂದಿರುವ ವಿಚಾರ ಇಷ್ಟೇ. ಕ್ರೀಗರ್‌ನಂಥ ನಳಿಗೆ ತಯಾರಕರು ಇದನ್ನೇ ಹೇಳುತ್ತಾರೆ. ಆದರೆ ತಾವೂ ನಳಿಗೆ ತಯಾರಕರಾಗಿದ್ದ ಅಮೆರಿಕದ ಗೇಲ್ ಮೆಕ್‌ಮಿಲನ್ ಇದನ್ನು ಒಪ್ಪುತ್ತಿರಲಿಲ್ಲ, ಹೀಗೆ ಹೊಡೆಯುವ ಪ್ರತಿ ಈಡೂ ನಳಿಗೆಯ ಆಯುಸ್ಸಿನಲ್ಲೇ ಕಳೆಯುತ್ತದೆ ಎನ್ನುತ್ತಿದ್ದರು. ಪರವಾನಗಿಯಲ್ಲಿ ನಮೂದಾದ ಲೆಕ್ಕಕ್ಕಿಂತ ಒಂದು ತೋಟಾವನ್ನೂ ಹೆಚ್ಚಿಗೆ ಕೊಳ್ಳಲಾಗದ ನನಗೆ ಇಬ್ಬರ ಮಾತೂ ಬೇಕಾಗಿತ್ತು. ಪಳಗಿಸಬೇಕು, ಆದರೆ ಬಟ್ಟೆಯಲ್ಲಿ ತಾಮ್ರ ಕಾಣುವುದು ಕಡಿಮೆಯಾದೊಡನೆ ನಿಲ್ಲಿಸಬೇಕು ಎಂದು ನಿಶ್ಚಯಿಸಿಕೊಂಡೆ.

ಮಾರ್ಚ್ ಮೊದಲ ವಾರದಲ್ಲಿ ಶಿವಮೊಗ್ಗದಲ್ಲಿ ಗುರಿ ಅಭ್ಯಾಸ ಮಾಡುವ ರೇಂಜಿಗೆ ಹೋದೆ. ಹಿಂದಿನ ರಾತ್ರಿಯೇ ಕಾರ್ಖಾನೆಯ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಒಣಗಿ ಬರುವವರೆಗೆ ಒರೆಸಿದ್ದೆ. ನಳಿಗೆಯಲ್ಲಿ ಗ್ರೀಸ್ ತುಂಬಿರುವಾಗ ಈಡು ಹೊಡೆಯುವುದು ಅಪಾಯ. ಇದನ್ನು ಯಾರೂ ಹಗುರವಾಗಿ ಎಣಿಸಬಾರದು.

ಈ ರೈಫಲ್ಲಿನ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ, ಹಳೆಯ ಬ್ರಿಟಿಷ್ ರೈಫಲ್ಲಾದ ಲೀ-ಎನ್‌ಫೀಲ್ಡ್ ಮಾದರಿಯದು. ಅದನ್ನು ಹಿಂದಕ್ಕೆಳೆದು ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಇಡೀ ಬೋಲ್ಟ್ ಕೈಗೆ ಬರುತ್ತದೆ, ಆಮೇಲೆ ಗಜವನ್ನು, ಅಂದರೆ ಬಟ್ಟೆ ದೂಡುವ ಉದ್ದ ಸರಳನ್ನು, ಹಿಂದಿನಿಂದಲೇ ಹಾಕಬಹುದು. ಬಾಯಿಯ ಕಡೆಯಿಂದ ಗಜ ಹಾಕಿ ಅಂಚು ಸವೆಸಿಕೊಂಡ ಕೋವಿಗಳನ್ನು ನಾನು ನಮ್ಮ ಊರಿನಲ್ಲೇ ನೋಡಿದ್ದೇನೆ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಜಾಗ ಅದು; ಅಲ್ಲಿ ಅಂಚು ಒಂದೇ ಸಮನಾಗಿರದಿದ್ದರೆ ಗುರಿ ತಪ್ಪುತ್ತದೆ.

ಮೊದಲ ಈಡಿನ ನಂತರ ಅಮೋನಿಯಾ ಬೆರೆತ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ದೂಡಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ದೂಡಿದೆ. ಮೊದಲು ಮಸಿಯ ಕಪ್ಪು ಬಂತು, ಅದರ ಅಂಚಿನಲ್ಲಿ ಮೈಲುತುತ್ತದಂಥ ನೀಲಿ. ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ತಯಾರಿಸುವ ನಮಗೆ ಆ ಬಣ್ಣದ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ, ಅದು ತಾಮ್ರವೇ. ಗಾಢ ನೀಲಿ ಹೋಗುವುದಕ್ಕೆ ಹನ್ನೆರಡು ಬಟ್ಟೆ ಬೇಕಾದವು. ಮೂರನೆಯ ಈಡಿನವರೆಗೂ ಹೀಗೇ ನಡೆಯಿತು. ಆಮೇಲೆ ಬಣ್ಣ ತೆಳುವಾಯಿತೇ ಹೊರತು ಪೂರ್ತಿ ಹೋಗಲೊಲ್ಲದು. ಐದಾಯಿತು, ಆರಾಯಿತು, ಏಳಾಯಿತು. ಪ್ರತಿ ಸಲವೂ ಬಟ್ಟೆಯ ನಡುವೆ ಅದೇ ಉಂಗುರದಾಕಾರದ ತಿಳಿನೀಲಿ. ನಳಿಗೆಯಲ್ಲೇ ಏನೋ ಕೊರತೆಯಿದೆಯೆಂದು ಮನಸ್ಸು ಕುಗ್ಗಿತು.

ಎಂಟನೆಯ ಈಡಿನ ಹೊತ್ತಿಗೆ, ಸೇನೆಯಿಂದ ನಿವೃತ್ತರಾಗಿ ಅಲ್ಲಿ ತರಬೇತಿ ಕೊಡುವ ಹಿರಿಯರು ಹತ್ತಿರ ಬಂದು ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಗೌಡ್ರೇ, ಈ ನೀಲಿ ನಿಮ್ಮ ಗಜದ ತುದಿದು. ಅದು ಹಿತ್ತಾಳೆ ಅಲ್ವಾ?" ಎಂದರು. ಹಿತ್ತಾಳೆಯಲ್ಲಿಯೂ ತಾಮ್ರವಿದೆ, ಅದನ್ನೂ ಅಮೋನಿಯಾ ಕರಗಿಸುತ್ತದೆ. ಕಂಚಿನ ಬ್ರಷ್ ಬಳಸಿದರೂ ಇದೇ ಗತಿ. ಅವರ ನೈಲಾನ್ ಬ್ರಷ್ಷನ್ನೂ ಪ್ಲಾಸ್ಟಿಕ್ ತುದಿಯ ಗಜವನ್ನೂ ಕೇಳಿ ಪಡೆದು ಮತ್ತೊಮ್ಮೆ ಶುಚಿ ಮಾಡಿದಾಗ, ಐದನೆಯ ಬಟ್ಟೆ ಬೆಳ್ಳಗೆ ಬಂತು. ನನ್ನ ಲೆಕ್ಕದಲ್ಲಿ ಕನಿಷ್ಠ ಮೂರು ತೋಟಾ ಸುಮ್ಮನೆ ಖರ್ಚಾಗಿದ್ದವು.

ಮನೆಗೆ ಬಂದವನು ಮೊದಲು ಮಾಡಿದ್ದು ಬಚ್ಚಲ ಹಂಡೆಯಿಂದ ಕುದಿನೀರು ತಂದು ಆಲಿಕೆಯಿಂದ ನಳಿಗೆಗೆ ಹುಯ್ದದ್ದು. ಅಜ್ಜಯ್ಯ ಕೇಪಿನ ಕೋವಿಯನ್ನು ಈಡು ಹೊಡೆದ ದಿನವೇ ಹೀಗೆ ತೊಳೆಯುತ್ತಿದ್ದರು. ಮದ್ದಿಗೆ ಕಿಡಿ ಹಚ್ಚುವ ಹಳೆಯ ಬಗೆಯ ಕೇಪುಗಳು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ನೀರು ಕುದಿಯುತ್ತಿದ್ದಷ್ಟೂ ನಳಿಗೆ ಕಾದು ಬೇಗ ಒಣಗುತ್ತದೆ. ಅಮೋನಿಯಾ ದ್ರಾವಣವನ್ನಂತೂ ರಾತ್ರಿಯಿಡೀ ಒಳಗೆ ಬಿಡಲೇಬಾರದು.

ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು, ನಮ್ಮ ಕಡೆಯ ಕೋವಿಗಳೆಲ್ಲ ಚುನಾವಣೆ ಮುಗಿಯುವವರೆಗೆಂದು ಪೊಲೀಸ್ ಠಾಣೆಯಲ್ಲಿ ಠೇವಣಿಗೆ ಹೋದವು. ಒಳಗೆ ದಪ್ಪಗೆ ಗ್ರೀಸ್ ಸವರಿಯೇ ನನ್ನದನ್ನು ಒಪ್ಪಿಸಿದ್ದೆ. ಜೂನ್ 4ರ ಫಲಿತಾಂಶದ ನಂತರ ಮರಳಿ ಪಡೆಯುವಾಗ ಮುಂಗಾರು ಹಿಡಿದಿತ್ತು. ಠಾಣೆಯ ತೇವದ ಕೋಣೆಯಲ್ಲಿ ಗೋಣಿಚೀಲ ಸುತ್ತಿ ಒಂದರ ಮೇಲೊಂದು ಪೇರಿಸಿಟ್ಟಿದ್ದರಿಂದ ಹೊರಮೈಯ ಮೇಲೆ, ಚೀಲ ತಾಗಿದಲ್ಲೆಲ್ಲ, ಕಂದು ತುಕ್ಕು ಕೂತಿತ್ತು. ಜನ ನಂಬಿ ಒಪ್ಪಿಸಿದ ವಸ್ತುವನ್ನು ಹೀಗೆ ಇಡಬಾರದು ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಗ್ರೀಸ್ ಇದ್ದುದರಿಂದ ಒಳಭಾಗ ಮಾತ್ರ ಉಳಿದುಕೊಂಡಿತ್ತು.

ಉಳಿದ ಕೆಲಸವನ್ನು ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಮುಗಿಸಿದೆ. ಮೂರು ಈಡಿಗೊಮ್ಮೆ ಶುಚಿ, ಹೀಗೆ ಎರಡು ಸಲ. ನಡುವೆ ನಳಿಗೆಯನ್ನು ಅಂಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲು ಬಿಡುತ್ತಿದ್ದೆ. ಎರಡನೆಯ ಸಲ ನಾಲ್ಕೇ ಬಟ್ಟೆಗೆ ಬಿಳುಪು ಕಂಡಿತು. ಅಲ್ಲಿಗೆ ಹದಿನಾಲ್ಕು ಈಡು. ಬಳಿಕ 50 ಮೀಟರಿನಿಂದ ಹೊಡೆದ ಐದೂ ಗುಂಡುಗಳು ನನ್ನ ಅಂಗೈಯಗಲದೊಳಗೆ ಬಿದ್ದವು. ಗುರಿ ಪಳಗಿಸಿದ್ದರಿಂದಲೇ ಹೀಗೆ ಕೂತಿತೆಂದು ನಾನು ಹೇಳುವುದಿಲ್ಲ. ಶುಚಿ ಮಾಡುವ ಕೆಲಸ ಮೂರನೆಯ ಒಂದು ಪಾಲಿಗೆ ಇಳಿದದ್ದಂತೂ ನಿಜ.

ಈಗ ಅದನ್ನು ಚರ್ಮದ ಚೀಲದಲ್ಲಿ ಇಡುವುದಿಲ್ಲ, ಚರ್ಮ ತೇವ ಹಿಡಿಯುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ, ಹೆಚ್ಚಾದ ಎಣ್ಣೆ ಹಿಂದಿನ ಮರಕ್ಕೆ ಇಳಿಯದಂತೆ, ಬಾಯಿ ಕೆಳಗೆ ಮಾಡಿ ಮಡಿಸಿದ ಬಟ್ಟೆಯ ಮೇಲೆ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ. ಈಡು ಹೊಡೆಯುವ ಮೊದಲು ಒಂದು ಒಣ ಬಟ್ಟೆಯನ್ನು ತಪ್ಪದೆ ದೂಡುತ್ತೇನೆ.